ಚುಕ್ಕಿ ಗೆರೆಯ ದಾರಿ

ಹೇಳುವವರ ಬಾಯಲ್ಲಿ ಎಲ್ಲ ಕೆಲಸವೂ ಸಲೀಸೇ. ಗುಡ್ಡದೊಳಗಿನ ಗವಿಗೆ ಹೋಗಬೇಕು, ತುದಿಯಲ್ಲಿರುವ ಕೊಳಕ್ಕೆ ಒಂದು ಡಬ್ಬಿ ಹಸಿರು ಬಣ್ಣ ಸುರಿಯಬೇಕು, ಬಂದ ದಾರಿಯಲ್ಲೇ ವಾಪಸು ಬರಬೇಕು. ನೀರು ಸರಬರಾಜು ಕಚೇರಿಯ ನಾಲ್ಕನೇ ಮಹಡಿಯಲ್ಲಿ ಫ್ಯಾನಿನ ಕೆಳಗೆ ಕೂತ ದೊಡ್ಡ ಇಂಜಿನಿಯರು ಒಂದು ಲೋಟ ಚಹಾ ಮುಗಿಯುವುದರೊಳಗೆ ಇಷ್ಟನ್ನೂ ಹೇಳಿ ಮುಗಿಸಿದರು.

"ಕುಡಿದ್ರೂ ಏನೂ ಆಗದ ಬಣ್ಣ ಅದು. ಗುಡ್ಡದ ಕೆಳಗೆ ನಾವು ಊರಿಗೆ ನೀರು ತಗೊಳ್ಳೋ ಬುಗ್ಗೆಲಿ ನೀರು ಹಸಿರಾಗಿ ಬಂದ್ರೆ, ಊರಿನ ನಲ್ಲಿಗೆ ಬರೋದು ಗವಿ ನೀರೇ ಅಂತ ಸಾಕ್ಷಿ ಸಿಕ್ಕ ಹಾಗೆ. ಆಮೇಲೆ ಕ್ವಾರಿ ನಿಲ್ಲಿಸೋ ಜವಾಬ್ದಾರಿ ನಂದು. ಬರಲಿಲ್ಲ ಅಂದ್ರೆ ಕೆಸರೇ ಗತಿ."

ಗುಡ್ಡದ ಆಚೆ ಮಗ್ಗುಲಲ್ಲಿ ಕಲ್ಲು ಕ್ವಾರಿಯವರು ಸಿಡಿಮದ್ದು ಹಾರಿಸಲು ಶುರು ಮಾಡಿದಾಗಿನಿಂದ ಊರಿನ ನಲ್ಲಿಗಳಲ್ಲಿ ಬರುತ್ತಿದ್ದುದು ಮಣ್ಣಿನ ನೀರು. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಒಂದೊಂದು ಮಂಚಕ್ಕೆ ಇಬ್ಬಿಬ್ಬರು ಮಲಗಿದ್ದರು. ಕ್ವಾರಿಯವರು ಮಾತ್ರ, ಗವಿಯ ನೀರೇ ಬೇರೆ, ಊರಿನ ನೀರೇ ಬೇರೆ ಎಂದು ಕೈತೊಳೆದುಕೊಂಡಿದ್ದರು.

ಹೋಗುವವರು ಮೂವರು. ಮುಂದಾಳು ಭಾವ, ಕಚೇರಿಯ ಪೈಪ್ ಮೇಸ್ತ್ರಿ. ಬಾಗಿಲಿನಷ್ಟು ಅಗಲದ ಭುಜ, ಅಳೆದು ತೂಗಿದಂಥ ಮಾತು. ಎರಡನೆಯವರು ದನದ ಆಸ್ಪತ್ರೆಯ ಡಾಕ್ಟರಮ್ಮ. ರಜೆ ಸಿಕ್ಕರೆ ಗವಿ ಹೊಗುವ ಹುಚ್ಚು ಅವರಿಗೆ; ಮೈ ತುಂಬಿಕೊಂಡ ಹೆಂಗಸು, ಬಾಯಿ ಅದಕ್ಕಿಂತ ತುಂಬಿದ್ದು. ಮೂರನೆಯವಳು ಭಾವನ ಹೆಂಡತಿಯ ತಂಗಿ, ಕಚೇರಿಯಲ್ಲಿ ನಕ್ಷೆ ಬರೆಯುವವಳು. ಹಿಡಿಯಷ್ಟು ದೇಹದ ಅವಳನ್ನು ಮನೆಯವರೂ ಕಚೇರಿಯವರೂ ಗುಬ್ಬಿ ಎಂದೇ ಕರೆಯುತ್ತಿದ್ದರು.

ಮಾತು ಮುಗಿದ ಮೇಲೆ ಭಾವ, ಡಾಕ್ಟರಮ್ಮ ಲಿಫ್ಟಿನ ಮುಂದೆ ನಿಂತರು. ಗುಬ್ಬಿ ಮೆಟ್ಟಿಲಿನ ಕಡೆ ತಿರುಗಿದಳು.

"ಕಾಲಿಗೆ ಒಳ್ಳೇದು" ಎಂದಳು, ಯಾರೂ ಕೇಳದಿದ್ದರೂ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ. ಹಿಂದೊಮ್ಮೆ ಕರೆಂಟು ಹೋಗಿ ಅದೇ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು. ಒಳಗೆ ಅವಳೊಬ್ಬಳೇ. ಕತ್ತಲಲ್ಲಿ ಎದೆ ಡವಡವ ಹೊಡೆದುಕೊಂಡು, ಬೆರಳು ಜುಮುಜುಮು ಎಂದು, ಇನ್ನೇನು ಜೀವ ಹೋಯಿತು ಎನ್ನುವಷ್ಟರಲ್ಲಿ ಕರೆಂಟು ಬಂತು. ಆದರೆ ಎದೆಯ ಆ ಹೊಡೆತ ಅಲ್ಲಿಗೆ ನಿಲ್ಲಲಿಲ್ಲ. ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಸುಮ್ಮನೆ ನಕ್ಷೆ ಬರೆಯುತ್ತಾ ಕೂತಾಗಲೂ ಹೇಳದೆ ಕೇಳದೆ ಬರತೊಡಗಿತು. ಗುಟ್ಟಾಗಿ ಹೃದಯದ ಡಾಕ್ಟರಿಗೆ ತೋರಿಸಿದಳು. ಅವರು ಎದೆಗೆ ತಂತಿಗಳನ್ನು ಅಂಟಿಸಿ, ಪಟ್ಟಿ ನೋಡಿ, "ಏನೂ ಇಲ್ಲಮ್ಮ" ಎಂದು ಕಳಿಸಿದರು. ಏನೂ ಇಲ್ಲದ್ದೇ ಇಷ್ಟು ಕಾಟ ಕೊಟ್ಟರೆ ಏನಾದರೂ ಇದ್ದಿದ್ದರೆ ಗತಿಯೇನು ಎಂದು ಅವಳಿಗೆ ಇನ್ನಷ್ಟು ಭಯವಾಯಿತು.

ಅಕ್ಕನಿಗೂ ಹೇಳಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಆ ಬಂಗಾರವೇ ಅವಳ ಕೊರಳಿಗೆ ಉರುಳಾಗುತ್ತಾ ಬಂದಿತ್ತು.

ಅಕ್ಕ ಬಟ್ಟೆ ಹೊಲಿಯುವವಳು. ಮೂವರಿಗೂ ಗವಿಯ ಉಡುಪನ್ನು ಅವಳೇ ಹೊಲಿದಿದ್ದಳು. ದಪ್ಪ ಬಟ್ಟೆ, ಮಂಡಿಗೆ ಟ್ಯೂಬಿನ ರಬ್ಬರು, ಕಲ್ಲಿಗೆ ಸಿಕ್ಕಿಕೊಳ್ಳದಂತೆ ಗುಂಡಿಯೆಲ್ಲ ಬೆನ್ನಿಗೆ. ಹೊರಡುವ ದಿನ ಬೆಳಿಗ್ಗೆ ಗುಬ್ಬಿಯ ಬೆನ್ನಿನ ಗುಂಡಿ ಹಾಕುತ್ತಾ, "ನಾನು ಬುಗ್ಗೆ ಹತ್ರ ಕಾಯ್ತಿರ್ತೀನಿ. ಹಸಿರು ಬರೋದನ್ನ ಮೊದಲು ನೋಡೋಳು ನಾನೇ" ಎಂದಳು. ಸಂಜೆಯೊಳಗೆ ಯಾರೂ ಬರದಿದ್ದರೆ ಅಗ್ನಿಶಾಮಕದವರಿಗೆ ಹೇಳುವ ಕೆಲಸವೂ ಅವಳದೇ.

ಗವಿಯ ಬಾಯಲ್ಲಿ ಭಾವನದೊಂದು ಕಟ್ಟಳೆ ಇತ್ತು. ಒಳಗೆ ಅಳತೆ ತೆಗೆಯುವಾಗ ಒಬ್ಬರು ಟೇಪು ನೋಡಿ ಕೂಗಿದ್ದನ್ನು ಇನ್ನೊಬ್ಬರು ಹಾಗೆಯೇ ತಿರುಗಿ ಹೇಳಬೇಕು. ಹೇಳಿದ್ದು ಸರಿಯಾಗಿ ಕೇಳಿಸಿದೆ ಎನ್ನುವುದಕ್ಕೆ ಅದೇ ರುಜು. ಅದೇ ರೀತಿ, ಒಳಗೆ ಕಾಲಿಡುವ ಮುಂಚೆ ಪ್ರತಿಯೊಬ್ಬರೂ ತಮ್ಮ ಮೈ ಹೇಗಿದೆ ಎಂದು ಹೇಳಬೇಕು, ಇನ್ನೊಬ್ಬರು ಅದನ್ನು ತಿರುಗಿ ಹೇಳಬೇಕು. ನಗುವ ಹಾಗಿಲ್ಲ, ಬುದ್ಧಿ ಹೇಳುವ ಹಾಗಿಲ್ಲ. ಯಾರು ಮುಂದೆ, ಯಾರು ಹಿಂದೆ ಎಂದು ಭಾವ ತೀರ್ಮಾನಿಸುತ್ತಿದ್ದುದು ಅದರ ಮೇಲೆಯೇ.

"ಎಡ ಮಂಡಿ ನೋಯ್ತಿದೆ. ತಿಂಡಿ ಸ್ವಲ್ಪ ಜಾಸ್ತಿ ಆಗಿದೆ" ಎಂದರು ಡಾಕ್ಟರಮ್ಮ.

"ಎಡ ಮಂಡಿ ನೋಯ್ತಿದೆ. ತಿಂಡಿ ಸ್ವಲ್ಪ ಜಾಸ್ತಿ ಆಗಿದೆ" ಎಂದ ಭಾವ. "ನಂಗೆ ನಿದ್ದೆ ಸಾಲದು. ಬೇರೇನಿಲ್ಲ."

ಡಾಕ್ಟರಮ್ಮ ಅದನ್ನು ತಿರುಗಿ ಹೇಳಿದರು. ಇಬ್ಬರೂ ಗುಬ್ಬಿಯ ಕಡೆ ನೋಡಿದರು. ಅವಳ ಎದೆ ಆಗಲೇ ಬಡಿಯತೊಡಗಿತ್ತು, ನಾಲಿಗೆ ಒಣಗಿತ್ತು.

"ಎಲ್ಲ ಸರಿ ಇದೆ" ಎಂದಳು.

"ಎಲ್ಲ ಸರಿ ಇದೆ" ಎಂದ ಭಾವ. ಮೂವರೂ ಒಳಗೆ ನಡೆದರು.

ಗವಿಯ ಮೊದಲ ಭಾಗ ದೊಡ್ಡ ಹಜಾರ. ಸುಣ್ಣದ ಕಲ್ಲಿನ ಮೇಲೆ ಎಷ್ಟೋ ಕಾಲದಿಂದ ನೀರು ತೊಟ್ಟಿಕ್ಕಿ, ಚಾವಣಿಯಿಂದ ಬಿಳಿಯ ಕೋಲುಗಳು ಇಳಿಬಿದ್ದಿದ್ದವು; ಒಂದು ನೆಲ ಮುಟ್ಟಿ ಕಲ್ಲಿನ ಕಂಬವೇ ಆಗಿತ್ತು. ದೀಪ ಬಿದ್ದಲ್ಲೆಲ್ಲ ಗೋಡೆ ಒದ್ದೆ ಸಕ್ಕರೆಯ ಹಾಗೆ ಮಿನುಗುತ್ತಿತ್ತು. ನಡುವೆ ಮೊಣಕಾಲಿನವರೆಗೆ ಬರುವ ಒಂದು ತೊರೆ ಹರಿದು, ಮೂಲೆಯ ಬಿರುಕೊಂದರಲ್ಲಿ ಗಳಗಳನೆ ಇಳಿದು ಕಾಣೆಯಾಗುತ್ತಿತ್ತು. ಅದು ಎಲ್ಲಿ ಏಳುತ್ತದೆ ಎಂಬುದೇ ಇವತ್ತಿನ ಪ್ರಶ್ನೆ. ಹಜಾರದ ಹಿಂದಿನ ಗೋಡೆಯಡಿ ತೊರೆ ಹೊರಬರುವ ಒಂದು ತಗ್ಗು ಕಿಂಡಿ. ಒಂದಾಳುದ್ದ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಬೇಕಾದ ಅದಕ್ಕೆ ತಂಡದವರು ಇಟ್ಟ ಹೆಸರು ಆಮೆ ದಾರಿ. ಅದರಾಚೆ ಕೊಳದ ಕೋಣೆ. ಕೋಣೆಯ ಗೋಡೆಯಲ್ಲಿ, ಚಾವಣಿಗೆ ಹತ್ತಿರ, ಅಡ್ಡಡ್ಡಕ್ಕೆ ಒಂದು ಸೀಳು. ಅದಕ್ಕೆ ಅಂಚೆ ಡಬ್ಬಿ ಎಂದು ಹೆಸರು. ಹಜಾರದ ಕಡೆಯ ಗೋಡೆಯಲ್ಲೂ ಮೇಲೆ ಅಂಥದೇ ಒಂದು ಸೀಳಿತ್ತು. ಗುಬ್ಬಿಯ ನಕ್ಷೆಯಲ್ಲಿ ಇವೆರಡರ ನಡುವೆ ಒಂದು ಚುಕ್ಕಿ ಗೆರೆ ಇತ್ತು.

ಚುಕ್ಕಿ ಗೆರೆ ಎಂದರೆ ಕಣ್ಣಾರೆ ಕಂಡದ್ದಲ್ಲ, ಇರಬಹುದು ಎಂದು ಎಳೆದದ್ದು. ಕಳೆದ ಸಲ ಆ ಸೀಳನ್ನು ನೋಡಲು ಭಾವ ಅವಳನ್ನೇ ಹತ್ತಿಸಿದ್ದ. ತಲೆ ಒಳಗಿಟ್ಟಳು, ಎದೆ ಹೊಡೆದುಕೊಂಡಿತು, ಇಳಿದುಬಂದು "ತುಂಬಾ ಸಣ್ಣದು, ಆಗಲ್ಲ ಭಾವ" ಎಂದಿದ್ದಳು. ಆಮೇಲೆ ಮೇಜಿನ ಮುಂದೆ ಕೂತು ಚಹಾ ಕುಡಿಯುತ್ತಾ ಗಾಳಿ ಬರುತ್ತಿತ್ತಲ್ಲ ಎಂದುಕೊಂಡು ಆ ಚುಕ್ಕಿಗಳನ್ನು ಇಟ್ಟಿದ್ದಳು.

ಹಾರೆ, ರಾಟೆ, ದಪ್ಪ ಹಗ್ಗ ಇವನ್ನೆಲ್ಲ ಹೊತ್ತು ತೆವಳಲಾಗದೆಂದು ಆಮೆ ದಾರಿಯ ಈಚೆ ಹಜಾರದಲ್ಲೇ ಬಿಟ್ಟರು. ಗುಬ್ಬಿ ಭಾವನ ಬೂಟಿನ ಹಿಮ್ಮಡಿಯನ್ನೇ ನೋಡುತ್ತಾ, ಬೇರೇನನ್ನೂ ನೋಡದೆ ತೆವಳಿ ಕೊಳದ ಕೋಣೆ ಸೇರಿದಳು. ಡಬ್ಬಿ ಬಿಚ್ಚಿ ಬಣ್ಣ ಸುರಿದಾಗ ಕಪ್ಪು ನೀರು ಒಮ್ಮೆಗೇ ಎಳೆ ಹುಲ್ಲಿನ ಹಸಿರಾಯಿತು. ಡಾಕ್ಟರಮ್ಮ ಖುಷಿಯಿಂದ ಕೈಯದ್ದಿ ಮೂಗಿಗೆ ಬಣ್ಣ ಹಚ್ಚಿಕೊಂಡರು.

"ಮುಗೀತು ಕೆಲಸ. ನಡೀರಿ" ಎಂದ ಭಾವ.

ಆಗ ಗುಡ್ಡ ಗುಡುಗಿತು.

ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ಬಂತು. ಅವತ್ತು ಸಿಡಿಮದ್ದು ಹಾರಿಸುವುದಿಲ್ಲ ಎಂದು ಕ್ವಾರಿಯವರು ಮಾತು ಕೊಟ್ಟಿದ್ದರು. ಕೊಟ್ಟ ಮಾತು ಬೆಳಗಿನ ಪಾಳಿಯವರಿಗೆ ಗೊತ್ತಿತ್ತು, ಮಧ್ಯಾಹ್ನದ ಪಾಳಿಯವರಿಗೆ ಯಾರೂ ಹೇಳಿರಲಿಲ್ಲ. ಆಮೆ ದಾರಿಯೊಳಗೆ ಆಗಷ್ಟೇ ತಲೆ ಹಾಕಿದ್ದ ಭಾವನನ್ನು ಡಾಕ್ಟರಮ್ಮ ಎರಡೂ ಕೈಯಲ್ಲಿ ಸೊಂಟ ಹಿಡಿದು ಹಿಂದಕ್ಕೆ ಎಳೆದರು.

ಚಪ್ಪಡಿ ಬಿತ್ತು. ಅದರ ಹಿಂದೆ ಜಲ್ಲಿ. ಧೂಳು. ಆಮೇಲೆ ಏನೂ ಇಲ್ಲ.

"ಬೀಸೋ ದೊಣ್ಣೆ ತಪ್ಪಿತು" ಎಂದ ಭಾವ, ಕೆಮ್ಮುತ್ತಾ. ತಲೆ ಉಳಿದಿತ್ತು, ಆದರೆ ಜಾರಿಬಿದ್ದ ರಭಸಕ್ಕೆ ಬಲಗಾಲಿನ ಹರಡು ತಿರುಚಿಕೊಂಡು ಆಗಲೇ ಊದುತ್ತಿತ್ತು.

ಅವನು ಕುಂಟುತ್ತಾ ಹೋಗಿ, ಕಿಂಡಿಯೊಳಗೆ ಅರ್ಧ ಮೈ ತೂರಿಸಿ, ಚಪ್ಪಡಿಯನ್ನು ಕೈಯಿಂದ ತಡವಿ ನೋಡಿದ. ಅದು ಇವರ ಕಡೆಗೆ ವಾಲಿಕೊಂಡು ಕಿಂಡಿಯ ಆಚೆ ಬಾಯಿಗೆ ಕೂತಿತ್ತು. ಒಳಗಿನಿಂದ ತಳ್ಳಿದರೆ ಕದಲಲಿಲ್ಲ. ಆಚೆಯಿಂದ ಯಾರಾದರೂ ಹಗ್ಗ ಹಾಕಿ ಎಳೆದರೆ ಬಂದೀತು. ಆದರೆ ಆಚೆ ಯಾರಿದ್ದಾರೆ?

"ಮೇಸ್ತ್ರಿಗಳೇ" ಎಂದರು ಡಾಕ್ಟರಮ್ಮ ಮೆಲ್ಲಗೆ. "ನೀರು ನೋಡಿ."

ತೊರೆ ಹರಿದುಹೋಗುತ್ತಿದ್ದುದು ಅದೇ ಕಿಂಡಿಯಲ್ಲಿ. ಈಗ ಕಿಂಡಿ ಮುಚ್ಚಿತ್ತು, ತೊರೆ ಬರುವುದು ನಿಂತಿರಲಿಲ್ಲ. ಹಸಿರು ನೀರು ಅವರ ಬೂಟುಗಳನ್ನು ಮುಳುಗಿಸಿ ಮೇಲಕ್ಕೆ ಬರುತ್ತಿತ್ತು. ಅಕ್ಕ ಸಂಜೆಗೆ ಜನ ಕರೆತರುವ ಹೊತ್ತಿಗೆ ಈ ಕೋಣೆ ಚಾವಣಿಯವರೆಗೆ ತುಂಬಿರುತ್ತದೆ ಎಂದು ಮೂವರಿಗೂ ತಿಳಿಯಿತು.

ಮೂವರ ದೀಪಗಳೂ ಒಂದೇ ಕಡೆ ತಿರುಗಿದವು. ಅಂಚೆ ಡಬ್ಬಿ.

"ನಾನಂತೂ ತಲೆನೂ ಹಾಕೋಕಾಗಲ್ಲ" ಎಂದರು ಡಾಕ್ಟರಮ್ಮ. "ಮೇಸ್ತ್ರಿಗಳ ಭುಜ ಅಲ್ಲೇ ನಿಲ್ಲುತ್ತೆ."

ಭಾವ ಗುಬ್ಬಿಯನ್ನು ನೋಡಿದ. "ಆಗಲ್ಲ ಅಂದಿದ್ದೆ ನೀನು. ನಿಜವಾಗ್ಲೂ ಆಗಲ್ವಾ?"

ಗುಬ್ಬಿ ತನ್ನ ದೀಪವನ್ನು ಸೀಳಿನಿಂದ ಕೆಳಕ್ಕೆ ತಿರುಗಿಸಿದಳು.

"ಗೊತ್ತಿಲ್ಲ ಭಾವ. ನಾನು ಸರಿಯಾಗಿ ನೋಡ್ಲೇ ಇಲ್ಲ."

ಭಾವ ಯಾಕೆ ಎಂದು ಕೇಳಲಿಲ್ಲ. ಸೊಂಟಕ್ಕೆ ಸುತ್ತಿಕೊಂಡಿದ್ದ ತೆಳು ಹಗ್ಗ ಬಿಚ್ಚಿ ಅವಳ ಒಂದು ಕಾಲಿನ ಹರಡಿಗೆ ಕಟ್ಟಿದ. "ಬೇಡ ಅನ್ಸಿದ್ರೆ ಕಾಲು ಆಡ್ಸು. ಹಿಂದಕ್ಕೆ ಎಳ್ಕೋತೀವಿ." ಡಾಕ್ಟರಮ್ಮ ಬೆನ್ನು ಬಗ್ಗಿಸಿ ನಿಂತರು. ಗುಬ್ಬಿ ಆ ಅಗಲ ಬೆನ್ನಿನ ಮೇಲೆ ಹತ್ತಿ, ಹೆಲ್ಮೆಟ್ ತೆಗೆದು ದೀಪ ಹೊತ್ತಿಸಿದ ಹಾಗೇ ಮುಂದಕ್ಕೆ ತಳ್ಳುತ್ತಾ, ತಾನೇ ಬರೆದ ಚುಕ್ಕಿ ಗೆರೆಯೊಳಗೆ ನುಗ್ಗಿದಳು.

ಮೊದಮೊದಲು ಹೊಟ್ಟೆಯ ಮೇಲೆ ತೆವಳಬಹುದಾಗಿತ್ತು. ಆಮೇಲೆ ಚಾವಣಿ ಇಳಿಯಿತು. ತಲೆಯನ್ನು ಪಕ್ಕಕ್ಕೆ ಹೊರಳಿಸಿ ಕೆನ್ನೆಯನ್ನು ಕಲ್ಲಿಗೆ ಒತ್ತಬೇಕಾಯಿತು. ಒಂದು ಕೈ ಮುಂದೆ, ಒಂದು ಕೈ ತೊಡೆಯ ಪಕ್ಕ. ಬೂಟಿನ ತುದಿಯಿಂದ ಒದ್ದುಕೊಂಡು ಮುಂದೆ ಹೋದಳು. ಮತ್ತೊಮ್ಮೆ ಒದ್ದಳು.

ಹೋಗಲಿಲ್ಲ.

ಬೆನ್ನಿಗೆ ಕಲ್ಲು, ಎದೆಗೆ ಕಲ್ಲು. ಹಿಂದಕ್ಕೂ ಬರಲಿಲ್ಲ. ಅಡಕತ್ತರಿಯಲ್ಲಿ ಸಿಕ್ಕ ಅಡಕೆ ಎಂದು ಅವಳು ಎಷ್ಟು ಸಲ ಆಡಿದ್ದಳೋ, ಅದರ ಅರ್ಥ ಈಗ ಗೊತ್ತಾಯಿತು.

ಎದೆ ಹುಚ್ಚೆದ್ದು ಹೊಡೆಯಿತು. ಅವಳು ಗಾಳಿಗಾಗಿ ಬಾಯಿ ತೆರೆದಳು. ಎಳೆದಳು. ಇನ್ನಷ್ಟು ಎಳೆದಳು. ಎಳೆದಷ್ಟೂ ಕಲ್ಲು ಬಿಗಿಯಾಯಿತು. ಬೆರಳು ಜುಮುಜುಮು ಎಂದವು. ತುಟಿ ಮರಗಟ್ಟಿತು. ಕಣ್ಣ ಮುಂದಿನ ಬೆಳಕು ಸಣ್ಣದಾಗುತ್ತಾ ಬಂತು. ಲಿಫ್ಟಿನಲ್ಲಿ ಬಿಟ್ಟುಹೋದ ಸಾವು ಇಲ್ಲಿ ಕಾದು ಕೂತಿದೆ ಎನ್ನಿಸಿತು. ಹೃದಯ ಒಡೆದುಹೋಗುತ್ತದೆ, ತಾನು ಬಾಟಲಿಯ ಬಿರಡೆಯ ಹಾಗೆ ಇಲ್ಲೇ ಉಳಿಯುತ್ತೇನೆ, ಹಿಂದಿರುವ ಇಬ್ಬರೂ ತನ್ನಿಂದಾಗಿ ಮುಳುಗುತ್ತಾರೆ.

ಅವಳು ಕಾಲು ಬಡಿದಳು.

"ಎಳೀಲಾ?" ಎಂದು ಭಾವನ ದನಿ ಕೇಳಿಸಿತು, ಎಲ್ಲೋ ದೂರದಿಂದ.

"ಎಳೀಬೇಡಿ" ಎಂದರು ಡಾಕ್ಟರಮ್ಮ. "ಈಗ ಎಳೆದ್ರೆ ಬಟ್ಟೆ ಮುದುಡ್ಕೊಂಡು ಇನ್ನೂ ಬಿಗಿಯಾಗುತ್ತೆ." ಒಂದು ಕೈ ಬಂದು ಗುಬ್ಬಿಯ ಬೂಟನ್ನು ಹಿಡಿಯಿತು. "ಗುಬ್ಬಿ, ಏನಾಗ್ತಿದೆ ಹೇಳು."

"ಏನೂ... ಇಲ್ಲ."

"ಏನೂ ಇಲ್ದೆ ಇದ್ರೆ ಬೂಟು ಯಾಕೆ ನಡುಗ್ತಿದೆ? ಮೈ ಹೇಳು. ಗವಿ ಬಾಯಲ್ಲಿ ಹೇಳ್ದೆ ಇದ್ದದ್ದನ್ನ ಈಗ ಹೇಳು."

ಅವರಿಗೆ ಆಗಲೇ ಗೊತ್ತಿತ್ತೋ ಏನೋ. ಗುಬ್ಬಿಗೆ ಅಳು ಬಂತು.

"ಭಯ ಆಗ್ತಿದೆ" ಎಂದಳು.

ಆಮೇಲೆ ಭಾವನ ದನಿ ಬಂತು. ಟೇಪು ಹಿಡಿದಾಗ 'ಎರಡು ಮೀಟರ್ ನಲವತ್ತು' ಎಂದು ತಿರುಗಿ ಹೇಳುತ್ತಿದ್ದನಲ್ಲ, ಅದೇ ಏರಿಳಿತವಿಲ್ಲದ ದನಿ.

"ಭಯ ಆಗ್ತಿದೆ."

ನಗಲಿಲ್ಲ, ಬೈಯಲಿಲ್ಲ, ಧೈರ್ಯ ತಂದುಕೋ ಎನ್ನಲಿಲ್ಲ. ಬರೆದುಕೊಂಡ ಹಾಗೆ ಹೇಳಿದ, ಅಷ್ಟೇ.

"ಎದೆ ಹೊಡ್ಕೋತಿದೆ. ಬೆರಳು ಜುಮ್ಮಂತಿದೆ. ಉಸಿರು ಸಾಲ್ತಿಲ್ಲ."

"ಎದೆ ಹೊಡ್ಕೋತಿದೆ. ಬೆರಳು ಜುಮ್ಮಂತಿದೆ. ಉಸಿರು ಸಾಲ್ತಿಲ್ಲ."

"ಸಾಯ್ತೀನಿ ಭಾವ. ನಂಗೆ ಹಾರ್ಟಿಂದು ಏನೋ ಇದೆ. ಲಿಫ್ಟಲ್ಲಿ ಸಿಕ್ಕಾಕೊಂಡಾಗಿಂದ ಹೀಗೇ. ಡಾಕ್ಟ್ರು ಏನಿಲ್ಲ ಅಂದ್ರು."

"ಏನಿಲ್ಲ ಅಂದಿದ್ದು ಹಾರ್ಟಿಗೆ" ಎಂದರು ಡಾಕ್ಟರಮ್ಮ. "ಇದು ಬೇರೆ. ಕೇಳು, ಬೂಟು ನನ್ನ ಕೈಲೇ ಇದೆ, ನಾನೆಲ್ಲೂ ಹೋಗಲ್ಲ. ನಿನ್ನ ಮೈಯೊಳಗೆ ಒಂದು ಕಾವಲು ನಾಯಿ ಇದೆ ಅಂದ್ಕೋ. ಕಳ್ಳ ಬಂದ್ರೂ ಬೊಗಳುತ್ತೆ, ಪೋಸ್ಟ್‌ಮ್ಯಾನ್ ಬಂದ್ರೂ ಬೊಗಳುತ್ತೆ. ಅದು ಬೊಗಳಿದ ತಕ್ಷಣ ಮೈಯೆಲ್ಲ ಓಡೋಕೆ, ಹೊಡೆದಾಡೋಕೆ ರೆಡಿ ಆಗುತ್ತೆ. ಕೈಕಾಲಿಗೆ ರಕ್ತ ಬೇಕು, ಅದಕ್ಕೆ ಎದೆ ಜೋರಾಗಿ ಹೊಡ್ಕೊಳ್ಳುತ್ತೆ. ಓಡೋಕೆ ಗಾಳಿ ಬೇಕು, ಅದಕ್ಕೆ ಉಸಿರು ಮೇಲೆ ಮೇಲೆ ಬರುತ್ತೆ. ಆದ್ರೆ ನೀನು ಓಡ್ತಾ ಇಲ್ಲ, ಮಲಗಿದೀಯ. ಗಾಳಿ ಖರ್ಚಾಗ್ತಿಲ್ಲ, ಜಾಸ್ತಿ ಆಗಿದೆ. ಅದಕ್ಕೇ ಬೆರಳು ಜುಮ್ಮನ್ನೋದು, ತುಟಿ ಮರಗಟ್ಟೋದು."

"ಜಾಸ್ತಿ... ಆಗಿದ್ಯಾ?"

"ಜಾಸ್ತಿ ಆಗಿದೆ. ಉಸಿರು ಸಾಲ್ತಿಲ್ಲ ಅನ್ಸೋದು ನಾಯಿ ಹೇಳೋ ಸುಳ್ಳು."

"ಗುಬ್ಬಿ, ಬಟ್ಟೆ ಎದುರುಗಡೆ ಗುಂಡಿ ಏನಾದ್ರೂ ಕಲ್ಲಿಗೆ ಸಿಕ್ಕಾಕೊಂಡಿದ್ಯಾ?" ಭಾವ ಕೇಳಿದ.

"ಅಕ್ಕ ಎದುರುಗಡೆ ಗುಂಡಿನೇ ಇಟ್ಟಿಲ್ಲ."

"ಜೇಬು?"

"ಇಲ್ಲ."

"ಹಾಗಾದ್ರೆ ಸಿಕ್ಕಾಕೊಂಡಿರೋದು ನಿನ್ನ ಎದೆಯೊಳಗಿನ ಗಾಳಿ."

ಗುಬ್ಬಿ ಆ ಮಾತನ್ನು ಕೇಳಿಸಿಕೊಂಡಳು. ಅವಳು ನಕ್ಷೆ ಬರೆಯುವವಳು. ಅಳತೆಯ ಮಾತು ಎಂಥ ಗಲಾಟೆಯಲ್ಲೂ ಅವಳ ಕಿವಿಗೆ ಬೀಳುತ್ತಿತ್ತು. ಮಡಕೆಯಷ್ಟು ಗಾಳಿ ಎಳೆದುಕೊಂಡು ಹಿಡಿದಿಟ್ಟ ಎದೆ ಎಷ್ಟು ದಪ್ಪ, ಗಾಳಿ ಬಿಟ್ಟ ಎದೆ ಎಷ್ಟು ದಪ್ಪ? ಸೀಳು ಸಣ್ಣದಾಗಿರಲಿಲ್ಲ. ಅವಳು ದೊಡ್ಡದಾಗಿದ್ದಳು.

"ಬೇಲಿಲಿ ಸಿಕ್ಕಿಕೊಂಡ ಕರುನ ಎಳೆದ್ರೆ ಬರಲ್ಲ" ಎಂದರು ಡಾಕ್ಟರಮ್ಮ. "ಜನ ಸುತ್ತ ನಿಂತು ಕೂಗಿದಷ್ಟೂ ಹೊಟ್ಟೆ ಉಬ್ಬಿಸ್ಕೊಂಡು ನಿಲ್ಲುತ್ತೆ. ಸುಮ್ನೆ ಪಕ್ಕದಲ್ಲಿ ನಿಂತ್ಕೊಂಡ್ರೆ ಒಂದು ಸಲ ಉಸ್ಸಂತ ಉಸಿರು ಬಿಡುತ್ತೆ ನೋಡು, ಆಗ ತಾನಾಗೇ ಜಾರ್ಕೊಂಡು ಬರುತ್ತೆ."

"ನಾನು ಕರುನಾ?"

"ಕರುಗೆ ಇಷ್ಟು ಬಾಯಿ ಇರಲ್ಲ. ಈಗ ಎಳ್ಕೋಬೇಡ, ಬಿಡು. ಬಿಸಿ ಹಾಲು ಆರಿಸೋ ಹಾಗೆ, ತುಟಿ ಸಣ್ಣ ಮಾಡಿ ಉದ್ದಕ್ಕೆ ಊದು. ಉಸಿರು ಒಳಗೆ ತಾನಾಗೇ ಬರುತ್ತೆ, ಅದರ ಚಿಂತೆ ಬೇಡ. ಹೊರಗೆ ಹೋಗೋದು ಉದ್ದ ಆದ್ರೆ ನಾಯಿಗೆ ಗೊತ್ತಾಗುತ್ತೆ, ಮನೆಯವರು ನೆಮ್ಮದಿಯಾಗಿದಾರೆ ಅಂತ."

ಗುಬ್ಬಿ ಊದಿದಳು. ಮೊದಲನೆಯದು ತುಂಡುತುಂಡಾಗಿ ಹೋಯಿತು. ಎರಡನೆಯದರ ನಡುವೆ ಬಿಕ್ಕು ಬಂತು. ಎದೆ ಹೊಡೆಯುವುದು ನಿಲ್ಲಲಿಲ್ಲ.

"ನಿಲ್ತಾ ಇಲ್ಲ" ಎಂದಳು.

"ನಿಲ್ತಾ ಇಲ್ಲ" ಎಂದ ಭಾವ.

"ನಿಲ್ಲಿಸ್ಬೇಡ ಅದನ್ನ. ಸುಮ್ನಿರು ಅಂತ ಗದರಿದ್ರೆ ನಾಯಿ, ಇವಳೂ ನನ್ ಜೊತೆ ಬೊಗಳ್ತಿದಾಳೆ ಅಂದ್ಕೊಳ್ಳುತ್ತೆ. ಬೊಗಳ್ಕೊಳ್ಲಿ. ಏರುತ್ತೆ, ಆಮೇಲೆ ಇಳಿಯುತ್ತೆ. ಇಳಿಯದೆ ಇರೋಕೆ ಅದಕ್ಕೆ ಬರಲ್ಲ."

"ಗುಬ್ಬಿ, ಅಳತೆ ಕೊಡು" ಎಂದ ಭಾವ. "ಎಡಗಡೆ ಏನಿದೆ?"

"ಕಲ್ಲು. ಒದ್ದೆ."

"ಕಲ್ಲು. ಒದ್ದೆ. ಕೈಗೆ ಏನು ಸಿಗ್ತಿದೆ?"

"ಮಣ್ಣು. ತಣ್ಣಗಿದೆ. ಒಂದು ಏಣು ಇದೆ, ಹಿಡ್ಕೋಬಹುದು."

"ಒಂದು ಏಣು ಇದೆ, ಹಿಡ್ಕೋಬಹುದು. ಮುಖಕ್ಕೆ?"

ಗುಬ್ಬಿಯ ಹಣೆಯ ಬೆವರು ಆರುತ್ತಿತ್ತು.

"ಗಾಳಿ ಬರ್ತಿದೆ ಭಾವ. ಎದುರಿನಿಂದ."

"ಗಾಳಿ ಬರ್ತಿದೆ" ಎಂದ ಭಾವ. ಈ ಸಲ ಅವನ ದನಿ ಸ್ವಲ್ಪ ಅಲುಗಿತು.

ಅವಳು ಊದಿದಳು, ಎದೆಯೊಳಗೆ ಏನೂ ಉಳಿಯದ ಹಾಗೆ, ಉದ್ದಕ್ಕೆ. ಬೆನ್ನಿನ ಮೇಲಿನ ಕಲ್ಲು ಒಂದು ಕೂದಲೆಳೆಯಷ್ಟು ದೂರವಾಯಿತು. ಏಣು ಹಿಡಿದು ಎಳೆದುಕೊಂಡಳು. ಒಂದು ಬೆರಳಿನಷ್ಟು ಮುಂದೆ ಹೋದಳು. ಉಸಿರು ತಾನಾಗಿ ಬಂತು, ಕಲ್ಲು ಬಿಗಿಯಾಯಿತು, ಅವಳು ಹಾಗೇ ಮಲಗಿ ಕಾದಳು. ಮತ್ತೆ ಊದಿದಳು. ಮತ್ತೊಂದು ಬೆರಳು. ಎದೆ ಇನ್ನೂ ಹೊಡೆಯುತ್ತಲೇ ಇತ್ತು, ಆದರೆ ಈಗ ಅದು ಪಕ್ಕದ ಮನೆಯ ನಾಯಿಯಾಗಿತ್ತು. ಬೂಟಿನ ಮೇಲಿದ್ದ ಕೈ ತನಗೆ ಎಟುಕುವಷ್ಟು ದೂರ ಜೊತೆಗೆ ಬಂತು, ಕೊನೆಗೆ ಒಮ್ಮೆ ಒತ್ತಿ ಬಿಟ್ಟಿತು.

ಚಾವಣಿ ಸ್ವಲ್ಪ ಎತ್ತರವಾಯಿತು. ಮೊಣಕೈ ಊರುವಷ್ಟು ಜಾಗ ಸಿಕ್ಕಿತು. ಮುಂದಿನ ತಳ್ಳುವಿಕೆಗೆ ಹೆಲ್ಮೆಟ್ ಕೈತಪ್ಪಿ ಜಾರಿತು.

ಟಣ್. ಟಣ್. ಟಣ್.

ಸುತ್ತ ಕತ್ತಲು. ಹೆದರಿದವರ ಮೇಲೆ ಹಾವು ಎಸೆದ ಹಾಗಾಯಿತು. ನಾಯಿ ಮತ್ತೆ ಎದ್ದಿತು. ಅವಳು ಬಾಯಿ ತೆರೆದಳು, ಗಾಳಿ ಎಳೆಯಹೊರಟವಳು ತಡೆದು, ತುಟಿ ಸಣ್ಣ ಮಾಡಿ ಊದಿದಳು. ಊದುತ್ತಿದ್ದ ಹಾಗೇ ಕಣ್ಣು ಕತ್ತಲಿಗೆ ಒಗ್ಗಿತು. ಕತ್ತಲು ಪೂರ್ತಿ ಕತ್ತಲಾಗಿರಲಿಲ್ಲ. ಮುಂದೆ, ಕೆಳಗೆ, ಬಿದ್ದ ಹೆಲ್ಮೆಟ್ಟಿನ ದೀಪ ಇನ್ನೂ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಒಂದು ಹಾರೆ, ಒಂದು ಸುತ್ತು ಹಗ್ಗ, ಅವರೇ ಬಿಟ್ಟುಹೋಗಿದ್ದ ಚಹಾದ ಫ್ಲಾಸ್ಕು ಕಾಣಿಸಿದವು.

"ಭಾವ" ಎಂದು ಕೂಗಿದಳು. "ಚುಕ್ಕಿ ಗೆರೆ ಸರಿ ಇದೆ."

"ಚುಕ್ಕಿ ಗೆರೆ ಸರಿ ಇದೆ" ಎಂದ ಭಾವ. ಅವನ ಮಾತಿನ ಜೊತೆ ನೀರಿನ ಸದ್ದೂ ಬಂತು.

ಗೋಡೆಯ ಉಬ್ಬುಗಳನ್ನು ಹಿಡಿದು ಹಜಾರಕ್ಕೆ ಇಳಿದವಳೇ ಹರಡಿನ ಹಗ್ಗ ಬಿಚ್ಚಿ ಓಡಿದಳು. ಚಪ್ಪಡಿಯ ಅಂಚಿನಿಂದ ಒಂದು ಬೆರಳು ದಪ್ಪದ ಹಸಿರು ನೀರು ಚಿಮ್ಮುತ್ತಿತ್ತು. ಮೇಲಿನ ಸೀಳಿನ ಮೂಲಕ ಭಾವ ಕೂಗಿ ಹೇಳುತ್ತಾ ಹೋದ, ಅವಳು ತಿರುಗಿ ಹೇಳುತ್ತಾ ಮಾಡುತ್ತಾ ಹೋದಳು.

"ಚಪ್ಪಡಿ ಮೇಲಿನ ಮೂಲೆಗೆ ಹಗ್ಗ."

"ಮೇಲಿನ ಮೂಲೆಗೆ ಹಗ್ಗ. ಹಾಕ್ದೆ."

"ರಾಟೆ ಕಂಬದ ಕಲ್ಲಿಗೆ."

"ರಾಟೆ ಕಂಬದ ಕಲ್ಲಿಗೆ. ಕಟ್ದೆ. ನೀರು ಎಲ್ಲಿವರೆಗೆ ಬಂದಿದೆ?"

"ಹಗ್ಗ ಬಿಗಿ ಮಾಡು."

"ಭಾವ, ಮೈ ಹೇಳಿ" ಎಂದಳು ಗುಬ್ಬಿ.

"ಎದೆಮಟ್ಟ ಬಂದಿದೆ" ಎಂದ ಭಾವ. "ಕಾಲು ಊರೋಕಾಗ್ತಿಲ್ಲ. ಡಾಕ್ಟ್ರು ಹಿಡ್ಕೊಂಡಿದಾರೆ."

ಅವಳು ಅದನ್ನು ತಿರುಗಿ ಹೇಳಿದಳು. ಆಮೇಲೆ ಹಗ್ಗಕ್ಕೆ ಜೋತುಬಿದ್ದಳು. ಎದೆ ಡವಡವ ಎಂದಿತು, ತೋಳಿಗೆ ರಕ್ತ ನುಗ್ಗಿತು. ಓಡೋಕೆ, ಹೊಡೆದಾಡೋಕೆ ರೆಡಿ ಆಗುತ್ತೆ ಎಂದಿದ್ದರಲ್ಲ ಡಾಕ್ಟರಮ್ಮ. ಸರಿ, ಹೊಡೆದಾಡು ಎಂದು ಅವಳು ತನ್ನ ಮೈಗೆ ಹೇಳಿದಳು. ಇಷ್ಟು ದಿನ ಕಾಟ ಕೊಟ್ಟ ನಾಯಿ ಈಗ ಜೊತೆಗೆ ಹಗ್ಗ ಕಚ್ಚಿ ಎಳೆಯಿತು. ಗುಬ್ಬಿಯ ತೂಕ ಎಷ್ಟು ಮಹಾ? ಹಗ್ಗದ ತುದಿಯನ್ನು ಕಲ್ಲಿಗೆ ಸುತ್ತಿ ಸಿಕ್ಕಿಸಿ, ಚಪ್ಪಡಿಯ ಸಂದಿಗೆ ಹಾರೆ ಹಾಕಿ, ಅದರ ಮೇಲೆ ಎರಡೂ ಕಾಲಿಟ್ಟು ಕುಪ್ಪಳಿಸಿದಳು.

ಕಲ್ಲು ಕಿರುಗುಟ್ಟಿತು.

"ಪಕ್ಕಕ್ಕೆ ಹೋಗು" ಎಂದು ಭಾವ ಕೂಗಿದ.

"ಪಕ್ಕಕ್ಕೆ" ಎನ್ನುವಷ್ಟರಲ್ಲಿ ಅವಳು ಹಾರಿಯಾಗಿತ್ತು. ಚಪ್ಪಡಿ ಮಗುಚಿತು. ಹಿಂದೆಯೇ ಹಸಿರು ನೀರು ಒಡ್ಡು ಒಡೆದಂತೆ ನುಗ್ಗಿ, ಜಲ್ಲಿಯನ್ನು ಕೊಚ್ಚಿಕೊಂಡು ಹಜಾರದ ತುಂಬ ಹರಡಿ, ಮೂಲೆಯ ಬಿರುಕಿನಲ್ಲಿ ಗಳಗಳನೆ ಇಳಿಯಿತು. ನೀರು ತಗ್ಗಿದ ಮೇಲೆ ಆಮೆ ದಾರಿಯಿಂದ ಮೊದಲು ಭಾವ ಬಂದ, ಅವನನ್ನು ಹಿಂದಿನಿಂದ ತಳ್ಳುತ್ತಾ ಡಾಕ್ಟರಮ್ಮ ಬಂದರು. ಇಬ್ಬರ ಮುಖವೂ ಹಲ್ಲೂ ಹಸಿರು.

ಡಾಕ್ಟರಮ್ಮ ಫ್ಲಾಸ್ಕಿನಿಂದ ಚಹಾ ಬಗ್ಗಿಸಹೋದರು; ಅರ್ಧ ಲೋಟಕ್ಕೆ, ಅರ್ಧ ನೆಲಕ್ಕೆ ಬಿತ್ತು.

"ನಿಮಗೂ ಭಯ ಆಗಿತ್ತಾ?" ಎಂದು ಗುಬ್ಬಿ ಕೇಳಿದಳು.

"ನನ್ ನಾಯಿ ಆಗಿನಿಂದ ಬೊಗಳ್ತಾನೇ ಇದೆ" ಎಂದರು ಡಾಕ್ಟರಮ್ಮ. "ನಿಂಗೆ ಊದು ಊದು ಅಂದಿದ್ದೆಲ್ಲ ನಾನೂ ಊದ್ಕೊಂಡೇ ಹೇಳಿದ್ದು."

ಹೊರಗೆ ಬಿಸಿಲಿತ್ತು. ಬುಗ್ಗೆಯ ಬಳಿ ಅಕ್ಕ ಆ ಹೊತ್ತಿಗೆ ಅರ್ಧ ಜೀವವಾಗಿದ್ದಳು. ನೀರು ಮೊದಲು ಸಣ್ಣಗಾಗಿ, ದಾರದಷ್ಟಾಗಿ, ಆಮೇಲೆ ಇದ್ದಕ್ಕಿದ್ದ ಹಾಗೆ ಹಸಿರಾಗಿ ಉಕ್ಕಿತ್ತು. ಸಾಕ್ಷಿಗೆಂದು ಎರಡು ಬಾಟಲಿ ತುಂಬಿಸಿಟ್ಟು ಅವಳು ಗುಡ್ಡದ ಕಡೆ ಓಡಿಬರುತ್ತಿದ್ದಳು. ದಾರಿಯಲ್ಲೇ ಸಿಕ್ಕ ಮೂವರನ್ನೂ ನೋಡಿ, ಗಂಡನ ಕಾಲು ನೋಡಿ, ತಂಗಿಯ ಗಲ್ಲ ಹಿಡಿದಳು.

"ಎಲ್ಲ ಸರಿ ಇದೆಯೇನೇ?"

ಗುಬ್ಬಿ ಭಾವನ ಕಡೆ ನೋಡಿದಳು. ಭಾವ ಆಕಾಶ ನೋಡಿದ.

"ಇಲ್ಲ ಅಕ್ಕ" ಎಂದಳು. ಅಲ್ಲೇ, ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತು, ಲಿಫ್ಟಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಅಕ್ಕ ತಂಗಿಯ ಬೆನ್ನಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತಾ, "ಇದನ್ನ ನಂಗೆ ಹೇಳ್ಬಾರ್ದಾಗಿತ್ತಾ?" ಎಂದು ಕೇಳಿದಳು.

ಕೆಲವು ದಿನ ಕಳೆದು ದೊಡ್ಡ ಇಂಜಿನಿಯರು ಮೂವರನ್ನೂ ಕರೆಸಿದರು. ಕ್ವಾರಿಗೆ ಬೀಗ ಬಿದ್ದಿತ್ತು. ನಕ್ಷೆ ತಂದು ಒಪ್ಪಿಸಬೇಕಿತ್ತು. ಹೊಸ ನಕ್ಷೆಯಲ್ಲಿ ಆ ಜಾಗದಲ್ಲಿ ಚುಕ್ಕಿಗಳಿರಲಿಲ್ಲ, ಗಟ್ಟಿ ಗೆರೆ ಇತ್ತು. ಕಚೇರಿಯ ಕೆಳಗೆ ಭಾವ ಕಾಲಿಗೆ ಪಟ್ಟಿ ಸುತ್ತಿಕೊಂಡು, ಊರುಗೋಲು ಹಿಡಿದು ಲಿಫ್ಟಿನ ಮುಂದೆ ನಿಂತಿದ್ದ. ಡಾಕ್ಟರಮ್ಮ ಆಗಲೇ ಮೇಲೆ ಹೋಗಿದ್ದರು.

"ನೀನು ಮೆಟ್ಟಿಲಲ್ಲಿ ಬಾ" ಎಂದ. "ಕಾಲಿಗೆ ಒಳ್ಳೇದು."

ಗುಬ್ಬಿ ಮೆಟ್ಟಿಲು ನೋಡಿದಳು, ಅವನ ಊರುಗೋಲು ನೋಡಿದಳು. ಬಾಗಿಲು ತೆರೆಯಿತು. ನಕ್ಷೆಯ ಸುರುಳಿಯನ್ನು ಕಂಕುಳಿಗೆ ಸಿಕ್ಕಿಸಿ, ಅವನ ಜೊತೆ ಒಳಗೆ ಕಾಲಿಟ್ಟಳು. ಬಾಗಿಲು ಮುಚ್ಚಿತು.

"ಎದೆ ಹೊಡ್ಕೋತಿದೆ" ಎಂದಳು.

"ಎದೆ ಹೊಡ್ಕೋತಿದೆ" ಎನ್ನುತ್ತಾ ಭಾವ ನಾಲ್ಕನೇ ಮಹಡಿಯ ಗುಂಡಿ ಒತ್ತಿದ.